ಕಾಕಿ ತೊಟ್ಟ ಕಾಲೇಜು

ಬೆಳಗಾವಿಗೆ ಸೈನಿಕರ ಬೂಟಿನ ಸಪ್ಪಳ ಹೊಸದಲ್ಲ. ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರವು 1922ರಿಂದಲೂ ಇಲ್ಲಿ ನೆಲೆಸಿದೆ. ಆದರೆ ಸಿಪಾಯಿಯ ಕವಾಯತು ಬೇರೆ, ವಿದ್ಯಾರ್ಥಿಯ ಕವಾಯತು ಬೇರೆ. ಸಿಪಾಯಿಗೆ ಅದು ವೃತ್ತಿ. ಪುಸ್ತಕ ಹಿಡಿಯಬೇಕಾದ ವಿದ್ಯಾರ್ಥಿಗೆ ಅದರಿಂದ ಏನು ಲಾಭ?

ಶಿವಬಸವ ನಗರದಲ್ಲಿ ನಾಗನೂರು ರುದ್ರಾಕ್ಷಿಮಠದ ಪ್ರಸಾದ ನಿಲಯವಿದೆ. ಅಂಥ ಆಶ್ರಯಗಳನ್ನು ನೆಚ್ಚಿ ಸುತ್ತಣ ಹಳ್ಳಿಗಳ ಬಡ ಮಕ್ಕಳು ವಿದ್ಯೆಯನ್ನರಸಿ ಈ ಊರಿಗೆ ಬರುತ್ತಾರೆ. ಅವರಲ್ಲೊಬ್ಬ ಹುಡುಗನು ಕಾಲೇಜಿನ ಎನ್.ಸಿ.ಸಿ.ಗೆ ಸೇರಿದನೆಂದಿಟ್ಟುಕೊಳ್ಳಿ. ನಸುಕಿನಲ್ಲೆದ್ದು ಬೂಟಿಗೆ ಪಾಲಿಶು ಹಚ್ಚಬೇಕು. ಕಾಕಿ ಅಂಗಿಯ ಮಡಿಕೆ ಕೆಡದಂತೆ ಮೈದಾನ ತಲಪಬೇಕು. ‘ಸಾವಧಾನ್!’ ಎಂಬ ಆಜ್ಞೆ ಹೊರಟೊಡನೆ ವಕೀಲರ ಮಗನ ಹಿಮ್ಮಡಿಯೂ ರೈತನ ಮಗನ ಹಿಮ್ಮಡಿಯೂ ಒಂದೇ ಸದ್ದು ಮಾಡಬೇಕು. ತರಗತಿಯಲ್ಲಿ ಇಂಗ್ಲಿಷಿಗೆ ಅಂಜಿ ಹಿಂದಿನ ಬೆಂಚನ್ನು ಹಿಡಿದಿದ್ದವನು ಇಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುತ್ತಾನೆ.

ಈ ಏರ್ಪಾಡಿಗೆ ಶತಮಾನ ಮೀರಿದ ಇತಿಹಾಸವುಂಟು. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಪಡೆ ಹುಟ್ಟಿತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಪಂಡಿತ ಹೃದಯನಾಥ ಕುಂಜ್ರೂ ಅವರ ಸಮಿತಿಯು ಹೊಸ ಯೋಜನೆಯನ್ನು ರೂಪಿಸಿತು. ಅದರಂತೆ 1948ರಲ್ಲಿ ಎನ್.ಸಿ.ಸಿ. ಜನ್ಮ ತಾಳಿತು. ಮರುವರ್ಷವೇ ಬಾಲಿಕೆಯರ ವಿಭಾಗವೂ ತೆರೆಯಿತು. ಕೆಡೆಟ್ಟನಾದವನು ಯುದ್ಧಕ್ಕೆ ಹೋಗಲೇಬೇಕೆಂಬ ಕಟ್ಟುಪಾಡನ್ನು ಕಾಯಿದೆ ವಿಧಿಸಿಲ್ಲ. ಮಗನನ್ನು ಕಳುಹಿಸಲು ಹಿಂಜರಿಯುವ ತಾಯಂದಿರು ಇದನ್ನು ಅವಶ್ಯ ತಿಳಿದಿರಬೇಕು.

1962ರ ಚೀನೀ ಆಕ್ರಮಣವು ದೇಶವನ್ನು ಬೆಚ್ಚಿಬೀಳಿಸಿತು. ಮರುವರ್ಷ ಕಾಲೇಜು ವಿದ್ಯಾರ್ಥಿಗಳಿಗೆ ಈ ಶಿಕ್ಷಣ ಕಡ್ಡಾಯವಾಯಿತು. ಒಲಿದು ಬಂದವನೂ ಒಲ್ಲದೆ ಬಂದವನೂ ಒಂದೇ ಸಾಲಿನಲ್ಲಿ ನಿಂತರು. ಆದರೆ ಹಾಜರಿ ಪುಸ್ತಕವು ಕಾಲುಗಳನ್ನು ಮೈದಾನಕ್ಕೆ ಎಳೆದು ತಂದೀತೇ ಹೊರತು ಮನಸ್ಸನ್ನು ತರಲಾರದು. 1968ರಲ್ಲಿ ಕಡ್ಡಾಯ ತೊಲಗಿ ಎನ್.ಸಿ.ಸಿ. ಮತ್ತೆ ಸ್ವಇಚ್ಛೆಯದಾಯಿತು.

ಈಗ ಸೇರುವವರು ತಾವಾಗಿ ಬಯಸಿ ಸೇರುವವರು. ಹತ್ತು ದಿನಗಳ ವಾರ್ಷಿಕ ಶಿಬಿರದಲ್ಲಿ ಅವರ ಬಯಕೆಗೆ ನಿಜವಾದ ಪರೀಕ್ಷೆ. ಅಲ್ಲಿ ಊಟದ ತಟ್ಟೆಯನ್ನು ತಾನೇ ತೊಳೆಯಬೇಕು, ಹಾಸಿಗೆಯನ್ನು ತಾನೇ ಮಡಿಸಬೇಕು. ನೆಲದ ಮೇಲೆ ಬೋರಲು ಮಲಗಿ, ಉಸಿರು ಬಿಗಿಹಿಡಿದು ಗುರಿಯಿಡುವಾಗ ಎದೆಯ ಬಡಿತ ಕಿವಿಗೇ ಕೇಳಿಸುತ್ತದೆ. ಗುರಿ ತಪ್ಪಿದರೆ ನಗುವವರುಂಟು. ಬಳಲಿದಾಗ ಚೀಲಕ್ಕೆ ಹೆಗಲು ಕೊಡುವವರೂ ಅವರೇ.

‘ಸಿ’ ಪ್ರಮಾಣಪತ್ರ ಪಡೆದ ಪದವೀಧರರಿಗೆ ಸೈನ್ಯಾಧಿಕಾರಿಯ ಆಯ್ಕೆಯಲ್ಲಿ ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಸಂದರ್ಶನಕ್ಕೆ ಹೋಗುವ ವಿಶೇಷ ದಾರಿಯುಂಟು. ಈ ದಾರಿ ಯುವತಿಯರಿಗೂ ತೆರೆದಿದೆ. ಆದರೂ ಬಹುಪಾಲು ಕೆಡೆಟ್ಟುಗಳು ಸೈನ್ಯ ಸೇರುವುದಿಲ್ಲ. ಶಿಕ್ಷಕರೋ ಗುಮಾಸ್ತರೋ ವ್ಯಾಪಾರಿಗಳೋ ಆಗುತ್ತಾರೆ.

ಹಾಗಾದರೆ ಪಟ್ಟ ಶ್ರಮವೆಲ್ಲ ವ್ಯರ್ಥವೇ? ರಜೆಗೆ ಊರಿಗೆ ಬಂದ ಮಗ ಯಾರೂ ಹೇಳದೆಯೇ ನಸುಕಿನಲ್ಲೆದ್ದು, ಹಾಸಿಗೆ ಮಡಿಸಿಟ್ಟು, ತಾಯಿಯ ಕೈಯಿಂದ ಕೊಡ ತೆಗೆದುಕೊಂಡು ನೀರಿಗೆ ಹೊರಟರೆ, ಆ ಪ್ರಶ್ನೆಗೆ ಉತ್ತರ ಮನೆಯಲ್ಲಿಯೇ ದೊರೆತಂತಾಯಿತು.