ಒಂದೇ ಎದೆಯಲ್ಲಿ ಎರಡು ರೋಗಗಳು

ಕ್ಷಯ ಹಿಡಿದ ಶ್ವಾಸಕೋಶದಲ್ಲಿಯೇ ಕ್ಯಾನ್ಸರೂ ಬೆಳೆಯಬಲ್ಲುದೆ? ಬಲ್ಲುದು. ಇದಕ್ಕೆ ಎಡೆಗೊಡುವ ಕಾರಣಗಳಲ್ಲೊಂದನ್ನು ಊರಿಗಾಂ ಮೊದಲಾದ ಕೋಲಾರದ ಚಿನ್ನದ ಗಣಿಗಳಲ್ಲಿ ಕಾಣಬಹುದಾಗಿತ್ತು.

ಚಿನ್ನವನ್ನು ಒಳಗೊಂಡ ಬೆಣಚುಕಲ್ಲನ್ನು ಕೊರೆದು ಸಿಡಿಸುವಾಗ ಅತಿ ಸೂಕ್ಷ್ಮವಾದ ಸಿಲಿಕಾ ಧೂಳು ಏಳುತ್ತಿತ್ತು. ಉಸಿರಿನೊಡನೆ ಒಳಹೊಕ್ಕ ಈ ಧೂಳನ್ನು ನುಂಗಿದ ಭಕ್ಷಕ ಕೋಶಗಳು ತಾವೇ ಸಾಯುತ್ತವೆ. ಶ್ವಾಸಕೋಶದಲ್ಲಿ ನಾರುಗಂಟುಗಳು ಕಟ್ಟುತ್ತವೆ. ಇದೇ ಸಿಲಿಕೋಸಿಸ್. 1940ರ ದಶಕದಲ್ಲಿ ಇಲ್ಲಿ ಪರೀಕ್ಷೆಗೊಳಗಾದ ಏಳು ಸಾವಿರಕ್ಕೂ ಮಿಕ್ಕ ಕಾರ್ಮಿಕರಲ್ಲಿ ಶೇಕಡ 40ಕ್ಕೂ ಹೆಚ್ಚು ಮಂದಿಗೆ ಈ ರೋಗವಿತ್ತು.

ಭಕ್ಷಕ ಕೋಶಗಳ ಕಾವಲು ಕುಗ್ಗಿದೆಡೆ ಕ್ಷಯಾಣುಗಳು ಸುಲಭವಾಗಿ ನೆಲೆಯೂರುತ್ತವೆ. ಬಹುಕಾಲದ ಉರಿಯೂತದಿಂದ ಜೀವಕೋಶಗಳು ಪದೇ ಪದೇ ಸತ್ತು ಹುಟ್ಟುವಲ್ಲಿ ಕೆಲವು ಹದ್ದುಮೀರಿ ಬೆಳೆಯಬಹುದು. ಸಿಲಿಕಾ ಧೂಳು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಸಾರಿತು. ಧೂಮಪಾನವೂ ಸೇರಿದರೆ ಅಪಾಯ ಮತ್ತಷ್ಟು ಹೆಚ್ಚುತ್ತದೆ.

ಕೆಮ್ಮು, ಕಫದಲ್ಲಿ ರಕ್ತ, ಮೈ ಸೊರಗುವಿಕೆ ಇವು ಎರಡು ರೋಗಗಳಿಗೂ ಸಮಾನ. ಕ್ಷ-ಕಿರಣ ಚಿತ್ರದಲ್ಲಿ ಒಂದರ ನೆರಳು ಇನ್ನೊಂದನ್ನು ಮರೆಮಾಡಬಹುದು. ಆದುದರಿಂದ ಕಫದಲ್ಲಿ ಕ್ಷಯಾಣು ಕಂಡಮಾತ್ರಕ್ಕೆ ಶೋಧನೆ ಮುಗಿಯದು. ಸರಿಯಾದ ಔಷಧಕ್ಕೂ ಬಗ್ಗದೆ ನೆರಳು ಬೆಳೆದರೆ, ಅಲ್ಲಿಯ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು.

ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಧೂಳಿನ ಕೆಲಸ ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ಸಿಲಿಕೋಸಿಸ್ ತಲೆದೋರಬಲ್ಲುದು. ಕೆಮ್ಮುತ್ತ ಬಂದ ವೃದ್ಧರನ್ನು, ಹಿಂದೆ ಯಾವ ಕೆಲಸ ಮಾಡುತ್ತಿದ್ದಿರೆಂದು ವೈದ್ಯರು ಕೇಳಲೇಬೇಕು.