ನಿತ್ಯದ ಬಟ್ಟೆ, ಒಪ್ಪವಾದ ಉಡುಗೆ: ನಾಗಪುರದ ಬಿಳಿ ಹತ್ತಿ

ದಿನವೂ ಉಡುವ ಬಟ್ಟೆಗಳಿಂದಲೇ ಒಪ್ಪವಾದ ಉಡುಗೆಯನ್ನು ಹೊಂದಿಸಿಕೊಳ್ಳುವ ಬಗೆಯನ್ನು ವಿವರಿಸಹೊರಟವರು ಸಾಮಾನ್ಯವಾಗಿ ಬಟ್ಟೆಯ ಬೆಲೆಗೆ, ಕಂಪನಿಯ ಹೆಸರಿಗೆ, ಆ ವರ್ಷದ ಫ್ಯಾಷನ್ನಿಗೆ ಮೊದಲ ಸ್ಥಾನ ಕೊಡುತ್ತಾರೆ. ನೋಡುವವರ ಕಣ್ಣಿಗೆ ಮಾತ್ರ ಎಲ್ಲಕ್ಕಿಂತ ಮೊದಲು ಬೀಳುವುದು ಬಟ್ಟೆಯ ಶುಭ್ರತೆ, ಅದು ಮೈಮೇಲೆ ಕೂತಿರುವ ರೀತಿ ಮತ್ತು ಬಣ್ಣಗಳ ಹಿತಮಿತ. ಇವೆಲ್ಲ ಹಣಕ್ಕಿಂತ ಹೆಚ್ಚಾಗಿ ಆರೈಕೆಯನ್ನು ಬೇಡುವಂಥವು. ಈ ಮಾತನ್ನು ಅದರ ಪೂರ್ಣ ತೂಕದೊಡನೆ ಅರಿಯಲು ನಾಗಪುರಕ್ಕಿಂತ ತಕ್ಕ ಊರು ಸಿಗುವುದು ಕಷ್ಟ, ಏಕೆಂದರೆ ಅಲ್ಲಿ ಸಾಧಾರಣ ಬಿಳಿ ಹತ್ತಿಬಟ್ಟೆಯೇ ಒಂದು ದೊಡ್ಡ ಜನಸಮುದಾಯದ ಘನತೆಯ ಉಡುಪಾಗಿ ಬೆಳೆದು ನಿಂತಿದೆ.

ನಾಗಪುರದ ಸುತ್ತಲಿನ ವಿದರ್ಭ ಕಪ್ಪುಮಣ್ಣಿನ ಹತ್ತಿಯ ಸೀಮೆ. ಬಟ್ಟೆ ಗಿರಣಿಗಳೆಲ್ಲ ಮುಂಬಯಿಯಲ್ಲೋ ಅಹಮದಾಬಾದಿನಲ್ಲೋ ಇರಬೇಕೆಂದು ಹಣವಂತರು ನಂಬಿದ್ದ ಕಾಲದಲ್ಲಿ ಜಮ್‌ಷೆಡ್‌ಜಿ ಟಾಟಾ ಅವರು ಹತ್ತಿ ಬೆಳೆಯುವ ನೆಲ ಮತ್ತು ವರೋರಾದ ಕಲ್ಲಿದ್ದಲು ಹತ್ತಿರದಲ್ಲಿರುವ ಈ ಊರನ್ನು ಆರಿಸಿಕೊಂಡು, 1874ರಲ್ಲಿ ಕಂಪನಿ ಕಟ್ಟಿ, 1877ರ ಜನವರಿ 1ರಂದು ಎಂಪ್ರೆಸ್ ಗಿರಣಿಯನ್ನು ತೆರೆದರು. ಆ ಗಿರಣಿ ಈಗಿಲ್ಲವಾದರೂ, ನಿತ್ಯದ ಬಟ್ಟೆಯನ್ನು ಹೆಣೆದ ಕೈಗಳು ಯಾರವು ಎಂಬ ಪ್ರಶ್ನೆ ಉಡುಗೆಯ ಚರಿತ್ರೆಯಲ್ಲಿ ಮುಖ್ಯವಾಗಿಯೇ ಉಳಿಯುತ್ತದೆ. ನಾಗಪುರದ ಗಿರಣಿ ಕೆಲಸಗಾರರಲ್ಲಿ ದಲಿತರ ಸಂಖ್ಯೆ ದೊಡ್ಡದಿತ್ತು. ಲಾಳಿಗೆ ನೂಲು ಪೋಣಿಸುವಾಗ ಬಾಯಿಂದ ಎಳೆಯಬೇಕಾಗಿತ್ತೆಂಬ ಕಾರಣವನ್ನು ಮುಂದಿಟ್ಟು ಮುಂಬಯಿಯ ಗಿರಣಿಗಳಲ್ಲಿ ಅವರನ್ನು ನೇಯ್ಗೆಯ ವಿಭಾಗದಿಂದಲೇ ಹೊರಗಿಡಲಾಗುತ್ತಿತ್ತು. ಊರುಗಳಲ್ಲಂತೂ ಹೊಸ ಬಟ್ಟೆ, ಶುಭ್ರವಾದ ಬಟ್ಟೆ, ಮೊಣಕಾಲಿನ ಕೆಳಗಿಳಿಯುವ ಸೀರೆ ಇವುಗಳಿಗೆ ಹಲವೆಡೆ ನಿಷೇಧವಿತ್ತು, ಹೆಣಕ್ಕೆ ಹೊದಿಸಿದ ಬಟ್ಟೆಯೇ ಅವರ ಪಾಲಿಗೆ ಬರುವ ರೂಢಿಯೂ ಇತ್ತು.

ಈ ಹಿನ್ನೆಲೆಯಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರು ಉಡುಗೆಯ ವಿಷಯವನ್ನು ಸಾರ್ವಜನಿಕ ಸಭೆಗಳಲ್ಲಿ ಎತ್ತಿದ್ದನ್ನು ಗಮನಿಸಬೇಕು. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಸೇರಿದ ಮಹಿಳೆಯರಿಗೆ ಅವರು ಜಾತಿಯ ಗುರುತಾಗಿದ್ದ ಭಾರದ ಲೋಹದ ಆಭರಣಗಳನ್ನು ಬಿಡುವಂತೆ, ಸೀರೆಯನ್ನು ಇತರ ಹೆಂಗಸರಂತೆ ಪಾದದವರೆಗೆ ಇಳಿಬಿಟ್ಟು ಉಡುವಂತೆ, ಬಟ್ಟೆ ಹಳೆಯದಾಗಿದ್ದರೂ ಅದನ್ನು ಶುಭ್ರವಾಗಿಟ್ಟುಕೊಳ್ಳುವಂತೆ ಕೇಳಿಕೊಂಡರು. 1942ರ ಜುಲೈ 20ರಂದು ನಾಗಪುರದಲ್ಲೇ, ಸುಲೋಚನಾಬಾಯಿ ಡೋಂಗ್ರೆ ಅವರ ಅಧ್ಯಕ್ಷತೆಯಲ್ಲಿ ನಡೆದ ದಲಿತ ಮಹಿಳೆಯರ ಸಮ್ಮೇಳನದಲ್ಲಿ ಮಾತನಾಡುತ್ತ, ಶುಚಿತ್ವವನ್ನೂ ಮಕ್ಕಳ ಶಿಕ್ಷಣವನ್ನೂ ಅವರು ಒಟ್ಟೊಟ್ಟಿಗೆ ಹೇಳಿದರು. 1956ರ ಅಕ್ಟೋಬರ್ 14ರಂದು ಇದೇ ಊರಿನಲ್ಲಿ ಕುಶಿನಗರದ ಭಿಕ್ಷು ಚಂದ್ರಮಣಿಯವರಿಂದ ಬೌದ್ಧ ದೀಕ್ಷೆ ಪಡೆದಾಗ ಅಂಬೇಡ್ಕರ್ ಬಿಳಿ ರೇಷ್ಮೆಯ ಧೋತರ, ಬಿಳಿ ಕೋಟು ಧರಿಸಿದ್ದರು. ನೆರೆದ ಲಕ್ಷಾಂತರ ಜನರೂ ಬಿಳಿಯುಡುಗೆಯಲ್ಲಿದ್ದರು. ಬೌದ್ಧ ಉಪಾಸಕರ, ಅಂದರೆ ಸಂಸಾರದಲ್ಲಿದ್ದುಕೊಂಡೇ ಧಮ್ಮವನ್ನು ಪಾಲಿಸುವವರ, ಉಡುಪು ಬಿಳಿಯದಾದ್ದರಿಂದ ಈ ಆಯ್ಕೆ ಸಹಜವೇ. ಆದರೆ ಬಿಳಿ ಸೀರೆಯನ್ನು ವೈಧವ್ಯದೊಡನೆ ಸೇರಿಸಿ ನೋಡುತ್ತಿದ್ದ ಸಮಾಜದಲ್ಲಿ ಮುತ್ತೈದೆಯರು, ಕನ್ಯೆಯರು ಎಲ್ಲರೂ ಬಿಳಿಯನ್ನೇ ಉಟ್ಟು ಬಂದದ್ದು ಎಷ್ಟು ದೊಡ್ಡ ನಿರ್ಧಾರವಾಗಿತ್ತೆಂಬುದನ್ನು ಉಡುಗೆಯ ಚರಿತ್ರೆಕಾರರು ಇನ್ನೂ ಹೆಚ್ಚು ಗಮನಿಸಬೇಕಾಗಿದೆ. ಅಲ್ಲಿ ದುಬಾರಿ ಬಟ್ಟೆಯ ಪ್ರಶ್ನೆಯೇ ಇರಲಿಲ್ಲ. ಕೂಲಿಯವರು, ಗಿರಣಿಯವರು ತಮ್ಮಲ್ಲಿದ್ದುದನ್ನು ಒಗೆದು, ಇಲ್ಲದವರು ಒಂದು ಸಾದಾ ಬಿಳಿ ಬಟ್ಟೆ ಕೊಂಡು ಬಂದಿದ್ದರು. ಇಂದಿಗೂ ವಿಜಯದಶಮಿಯ ಹೊತ್ತಿಗೆ, ಆ ದೀಕ್ಷೆ ನಡೆದ ಸ್ಥಳವಾದ ದೀಕ್ಷಾಭೂಮಿಗೆ ಬರುವ ಕುಟುಂಬಗಳಲ್ಲಿ ಬಿಳಿ ಸೀರೆ, ಬಿಳಿ ಅಂಗಿಗಳೇ ಎದ್ದು ಕಾಣುತ್ತವೆ.

ಬಿಳಿ ಬಟ್ಟೆ ಯಾವ ಕೊರತೆಯನ್ನೂ ಬಚ್ಚಿಡುವುದಿಲ್ಲವಾದ್ದರಿಂದ ಬಟ್ಟೆಯ ಆರೈಕೆಯನ್ನು ಅದರಿಂದಲೇ ಕಲಿಯುವುದು ಲೇಸು. ಹತ್ತಿ ಎಂಬುದು ಸೆಲ್ಯುಲೋಸ್, ಎಂದರೆ ಸಸ್ಯಗಳ ಜೀವಕೋಶದ ಗೋಡೆಯನ್ನು ಕಟ್ಟುವ ವಸ್ತು. ಅದರ ಉದ್ದುದ್ದನೆಯ ಅಣುಸರಪಳಿಗಳು ಹೈಡ್ರೋಜನ್ ಬಂಧ ಎಂಬ ದುರ್ಬಲ ಸೆಳೆತದಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನೀರು ಒಳಹೊಕ್ಕಾಗ ಈ ಬಂಧಗಳು ಸಡಿಲಗೊಂಡು, ಬಟ್ಟೆ ಯಾವ ಭಂಗಿಯಲ್ಲಿ ಒಣಗುತ್ತದೆಯೋ ಆ ಭಂಗಿಯಲ್ಲೇ ಮತ್ತೆ ಬಿಗಿಯುತ್ತವೆ; ಹಿಂಡಿದ ಮುದ್ದೆಯಂತೆಯೇ ಒಣಗಿದ ಅಂಗಿ ಸುಕ್ಕಾಗುವುದಕ್ಕೂ, ತುಸು ಹಸಿಯಿರುವಾಗಲೇ ಇಸ್ತ್ರಿ ಮಾಡಿದ ಅಂಗಿ ದಿನವಿಡೀ ಗರಿಯಾಗಿ ನಿಲ್ಲುವುದಕ್ಕೂ ಕಾರಣ ಇದೊಂದೇ. ಆದ್ದರಿಂದ ಒಗೆದ ಬಟ್ಟೆಯನ್ನು ಚೆನ್ನಾಗಿ ಕೊಡವಿ, ಕಾಲರು, ಗುಂಡಿಪಟ್ಟಿ, ತೋಳಿನ ಹೊಲಿಗೆಗಳನ್ನು ಕೈಯಿಂದ ಎಳೆದು ನೇರಮಾಡಿ ಒಣಹಾಕಿದರೆ ಇಸ್ತ್ರಿಯ ಅರ್ಧ ಕೆಲಸ ಹಗ್ಗದ ಮೇಲೆಯೇ ಮುಗಿಯುತ್ತದೆ. ಇಸ್ತ್ರಿಪೆಟ್ಟಿಗೆಯ ಮೇಲಿನ ಮೂರು ಚುಕ್ಕಿಯ ಗುರುತು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಸೂಚಿಸುತ್ತದೆ, ಅದು ಹತ್ತಿಗೆ ತಕ್ಕದ್ದು; ಪಾಲಿಯೆಸ್ಟರ್ ಬೆರೆತ ಬಟ್ಟೆಗೆ ಅದಕ್ಕಿಂತ ಕಡಿಮೆ ಶಾಖ ಸಾಕು, ಇಲ್ಲವಾದರೆ ಎಳೆಗಳು ಮೆತ್ತಗಾಗಿ ಬಟ್ಟೆಯ ಮೇಲೆ ಅಹಿತಕರ ಹೊಳಪು ಬರುತ್ತದೆ, ಆ ಹೊಳಪು ಮತ್ತೆ ಹೋಗುವುದಿಲ್ಲ.

ಹಳೆಯ ಬಿಳಿ ಬಟ್ಟೆ ಹಳದಿಗಟ್ಟಿದಂತೆ ಕಾಣುವುದು ಅದು ಬೆಳಕಿನ ನೀಲಿ ಭಾಗವನ್ನು ಹೀರಿಕೊಳ್ಳುವುದರಿಂದ. ಕೊನೆಯ ಜಾಲಾಡುವಿಕೆಯ ನೀರಿಗೆ ಒಂದೆರಡು ಹನಿ ನೀಲಿ ಹಾಕಿದಾಗ ಆ ಹಳದಿಯ ಛಾಯೆ ಸರಿದೂಗಿ ಕಣ್ಣಿಗೆ ಬಿಳಿ ಎನಿಸುತ್ತದೆ. ನೀಲಿಯನ್ನು ನೀರಿನಲ್ಲಿ ಪೂರ್ತಿ ಕಲಕದೆ ಬಟ್ಟೆ ಅದ್ದಿದರೆ ಮಚ್ಚೆಗಳು ಉಳಿಯುತ್ತವೆ. ಗಂಜಿ ಹಾಕುವುದರಿಂದ ಪಿಷ್ಟದ ತೆಳುಪೊರೆ ನೂಲಿನ ಮೇಲೆ ಕೂತು ಬಟ್ಟೆಗೆ ಬಿಗಿ ಬರುತ್ತದೆ, ಮೇಲಾಗಿ ಕೊಳೆಯು ನೂಲಿಗೆ ಇಳಿಯದೆ ಆ ಪೊರೆಗೇ ಅಂಟಿ ಮುಂದಿನ ಒಗೆತದಲ್ಲಿ ಗಂಜಿಯ ಜೊತೆಗೇ ಕಳಚಿಹೋಗುತ್ತದೆ. ಅನ್ನ ಬಸಿದ ತಿಳಿಗಂಜಿಯನ್ನು ಶೋಧಿಸಿ, ನೀರು ಬೆರೆಸಿ ಬಳಸಿದರೆ ಅಂಗಡಿಯ ಪುಡಿಯ ಅಗತ್ಯವೇ ಇಲ್ಲ. ಇನ್ನು ಕಲೆಗಳ ಮಾತು. ಹಲಬಾ ಕೋಷ್ಟಿ ನೇಕಾರರ ಮನೆಗಳಿಂದ ಹೊರಟು ನಾಗಪುರದ ಹೆಸರನ್ನೇ ಹೊತ್ತ ಸಾವಜಿ ಅಡುಗೆಯ ಖಾರದ, ಎಣ್ಣೆ ತೇಲುವ ರಸ ಬಿಳಿ ಅಂಗಿಯ ಮೇಲೆ ಬಿದ್ದರೆ ಮೊದಲು ಪಾತ್ರೆ ತೊಳೆಯುವ ದ್ರವದಿಂದ ಎಣ್ಣೆಯ ಜಿಡ್ಡನ್ನು ತೆಗೆಯಬೇಕು. ಉಳಿದ ಅರಿಶಿನದ ಬಣ್ಣ ಸೋಪಿನ ಕ್ಷಾರ ತಾಗಿದೊಡನೆ ಕೆಂಪಾಗುತ್ತದೆಯಾದರೂ ಗಾಬರಿಪಡಬೇಕಿಲ್ಲ, ಚೆನ್ನಾಗಿ ಜಾಲಾಡಿ ಬಿಸಿಲಿಗೆ ಹರವಿದರೆ ಬೆಳಕಿಗೆ ಅದು ಮಸುಕಾಗುತ್ತ ಹೋಗುತ್ತದೆ.

ಬಟ್ಟೆ ಮೈಗೆ ಕೂರುವುದನ್ನು ನಿರ್ಧರಿಸುವುದು ಭುಜ. ಅಂಗಿಯ ತೋಳು ಸೇರುವ ಹೊಲಿಗೆ ಭುಜದ ಮೂಳೆಯ ತುದಿಗೆ ಸರಿಯಾಗಿ ಬರಬೇಕು. ಉದ್ದ, ಸೊಂಟ, ತೋಳಿನ ಅಳತೆ ಇವನ್ನು ದರ್ಜಿ ಸುಲಭವಾಗಿ ತಿದ್ದಬಲ್ಲ, ಭುಜವನ್ನು ತಿದ್ದಲು ಅಂಗಿಯನ್ನೇ ಬಿಚ್ಚಬೇಕಾಗುತ್ತದೆ. ರವಿಕೆಗೂ ಇದೇ ನಿಯಮ. ಸಾದಾ ಹತ್ತಿ ಸೀರೆಯೊಂದು ಕಳೆಗಟ್ಟುವುದು ಅಳತೆಗೆ ಸರಿಯಾದ ರವಿಕೆ, ಸೀರೆಯ ಕೆಳಅಂಚಿಗೆ ಒಳಗಿನಿಂದ ಹೊಲಿದ ಫಾಲ್ ಮತ್ತು ಸಮನಾಗಿ ಹಿಡಿದ ನೆರಿಗೆಗಳಿಂದ. ಈ ಸಣ್ಣ ಖರ್ಚನ್ನು ಉಳಿಸಿ ದುಬಾರಿ ಸೀರೆಗೆ ಹಣ ಸುರಿಯುವುದು ವಿವೇಕವಲ್ಲ.

ಬಣ್ಣ ಹೊಂದಿಸುವ ವಿದ್ಯೆಗೆ ವಿದರ್ಭದ ನೇಯ್ಗೆಯೇ ಮಾದರಿ ಒದಗಿಸುತ್ತದೆ. ನಾಗಪುರ ಮತ್ತು ಭಂಡಾರಾ ಭಾಗದಲ್ಲಿ ನೇಯುವ ಕರವತಿ ಸೀರೆಯ ಒಡಲು ಮತ್ತಿಯಂಥ ಕಾಡುಮರಗಳ ಎಲೆ ತಿನ್ನುವ ಹುಳುವಿನ ಟಸ್ಸರ್ ರೇಷ್ಮೆಯದು. ಅದಕ್ಕೆ ಬಣ್ಣ ಕಟ್ಟದೆ ಜೇನಿನ ಸಹಜ ಛಾಯೆಯಲ್ಲೇ ಬಿಡುವುದುಂಟು. ಅಂಚು ಮರ್ಸರೈಸ್ ಮಾಡಿದ, ಎಂದರೆ ಕಾಸ್ಟಿಕ್ ಸೋಡಾದಲ್ಲಿ ಸಂಸ್ಕರಿಸಿ ಹೊಳಪು ಬರಿಸಿದ, ಹತ್ತಿಯದು. ಕಡುಗೆಂಪಿನಂಥ ಗಾಢ ಬಣ್ಣದ ಆ ಅಂಚಿನಲ್ಲಿ ಗರಗಸದ ಹಲ್ಲುಗಳ ಸಾಲು ಮೂಡುತ್ತದೆ. ಒಡಲಿಗೆ ಒಂದು, ಎರಡು ಅಂಚುಗಳಿಗೆ ಒಂದೊಂದು ಎಂದು ಮೂರು ಲಾಳಿಗಳನ್ನು ಓಡಿಸಿ, ಹೊಕ್ಕಿನ ಎಳೆಗಳನ್ನು ಒಂದಕ್ಕೊಂದು ಸಿಕ್ಕಿಸುತ್ತ ನೇಯುವುದರಿಂದ ಎರಡು ಬಣ್ಣಗಳು ಒಂದರೊಳಗೊಂದು ಕಲೆಯದೆ ಖಚಿತವಾಗಿ ನಿಲ್ಲುತ್ತವೆ. ವಿಸ್ತಾರವಾದ ಶಾಂತ ಒಡಲು, ಅದನ್ನು ಕಟ್ಟಿ ಹಿಡಿಯುವ ಒಂದೇ ದೃಢವಾದ ಅಂಚು ಎಂಬ ಈ ಲೆಕ್ಕಾಚಾರ ಇಳಕಲ್ ಸೀರೆಯನ್ನು ಬಲ್ಲ ಕನ್ನಡಿಗರಿಗೆ ಹೊಸದೇನಲ್ಲ. ಇದನ್ನೇ ಕಪಾಟಿನ ನಿತ್ಯದ ಬಟ್ಟೆಗಳಿಗೆ ಅನ್ವಯಿಸಬಹುದು: ಬಿಳಿ ಅಂಗಿ, ಬೂದು ಪ್ಯಾಂಟು ಎರಡೂ ಸದ್ದಿಲ್ಲದ ಬಣ್ಣಗಳಾದಾಗ ಕಂದು ಬೆಲ್ಟು ಮತ್ತು ಅದೇ ಕಂದಿನ ಚಪ್ಪಲಿ ಅಂಚಿನ ಕೆಲಸ ಮಾಡುತ್ತವೆ; ತಿಳಿ ಬಣ್ಣದ ಸಾದಾ ಕುರ್ತಾಕ್ಕೆ ಗಾಢವಾದ ಓಢಣಿಯೊಂದೇ ಸಾಕು, ಆಗ ಕಿವಿಯೋಲೆಯೂ ಕೈಚೀಲವೂ ಹಿಂದೆ ಸರಿದು ನಿಲ್ಲಬೇಕು. ಎರಡು ಚಿತ್ತಾರದ ಬಟ್ಟೆಗಳನ್ನು ಒಟ್ಟಿಗೆ ಧರಿಸುವ ಧೈರ್ಯ ಮಾಡುವವರು ಒಂದರ ಚಿತ್ತಾರ ದೊಡ್ಡದು, ಇನ್ನೊಂದರದು ತೀರ ಸಣ್ಣದು, ಎರಡರಲ್ಲೂ ಒಂದು ಬಣ್ಣ ಸಮಾನ ಎಂಬಂತೆ ಆರಿಸಿಕೊಂಡರೆ ಕಣ್ಣಿಗೆ ಗೊಂದಲವಾಗುವುದಿಲ್ಲ.

ಮೇ ತಿಂಗಳಿನಲ್ಲಿ ನಾಗಪುರದ ಉಷ್ಣಾಂಶ 45 ಡಿಗ್ರಿ ಸೆಲ್ಸಿಯಸ್ ಮುಟ್ಟುವಾಗ ಬಿಗಿಯಾದ ಉಡುಪಿನ ಮಾತೇ ಬೇರೆಯಾಗುತ್ತದೆ. ಬೆವರನ್ನು ಹೀರಿ ಗಾಳಿಗೆ ಬಿಡುವ ತೆಳುಹತ್ತಿ, ಮೈಗೂ ಬಟ್ಟೆಗೂ ನಡುವೆ ಗಾಳಿಯಾಡುವಷ್ಟು ಸಡಿಲು, ಉದ್ದತೋಳು ಇವು ಆಗ ಅವಶ್ಯಕವಾಗುತ್ತವೆ, ಸಡಿಲು ಉಡುಪಿಗೆ ಒಪ್ಪ ತರಲು ಗಂಜಿಯೂ ಇಸ್ತ್ರಿಯೂ ಇನ್ನಷ್ಟು ಬೇಕಾಗುತ್ತವೆ. ಬಿಸಿಗಾಳಿಯಿಂದ ಪಾರಾಗಲು ಗಂಡಸರು ಹೆಂಗಸರೆನ್ನದೆ ತಲೆಗೂ ಮುಖಕ್ಕೂ ಸುತ್ತಿಕೊಳ್ಳುವ ಹತ್ತಿಯ ದುಪಟ್ಟಾವನ್ನು ಈ ಊರಿನವರು ಕೈಗೆ ಸಿಕ್ಕಿದ ತುಂಡಿನಂತೆ ಕಾಣುವುದು ಹೆಚ್ಚು. ಅದನ್ನೂ ಉಡುಪಿನ ಭಾಗವೆಂದೇ ಭಾವಿಸಿ, ಬಿಳಿಯದೊಂದು, ಗಾಢಬಣ್ಣದ್ದೊಂದು ಎಂದು ಎರಡನ್ನು ಒಗೆದು ಮಡಿಸಿಟ್ಟುಕೊಂಡರೆ ಬೇಸಗೆಯ ಯಾವ ಅಂಗಿಗೂ ಯಾವ ಕುರ್ತಾಕ್ಕೂ ಒಂದಲ್ಲ ಒಂದು ಹೊಂದುತ್ತದೆ, ಕಚೇರಿಯ ಬಾಗಿಲಲ್ಲಿ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಾಗಲೂ ಮುಜುಗರವಾಗುವುದಿಲ್ಲ.