ಅತಿಥಿ ಉಪನ್ಯಾಸಕವೃತ್ತಿಯೂ ನವೀನ ತತ್ತ್ವಶಾಸ್ತ್ರದ ಪಾಠವೂ

‘ಅತಿಥಿ’ ಎಂಬ ಶಬ್ದಕ್ಕೆ ಮನುಸ್ಮೃತಿಯು ಕೊಡುವ ನಿರ್ವಚನವು ನಿಲವಿನ ಅನಿತ್ಯತೆಯನ್ನು ಆಧರಿಸಿದುದು: ಒಂದು ರಾತ್ರಿ ಮಾತ್ರ ತಂಗುವವನೇ ಅತಿಥಿ. ಕರ್ಣಾಟಕದ ಕಾಲೇಜುಗಳಲ್ಲಾದರೋ ವರ್ಷಾನುವರ್ಷ ಒಂದೇ ಕಡೆ ಪಾಠಹೇಳುವವರಿಗೂ ಈ ಹೆಸರು ಸಲ್ಲುತ್ತಿದೆ. ಇವರ ಸ್ಥಿತಿ ಎಂತಹುದು, ನವೀನ ತತ್ತ್ವಶಾಸ್ತ್ರದಂತಹ ವಿಷಯದ ಮೇಲೆ ಅದರ ಪರಿಣಾಮವೇನು ಎಂಬುದು ವಿಚಾರಣೀಯವಾದುದು.

1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವುದು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜು ಅದರ ಘಟಕ. ಭದ್ರಾವತಿಯ ಸರ್ ಎಂ. ವಿಶ್ವೇಶ್ವರಯ್ಯ ಕಾಲೇಜು ಸರ್ಕಾರಕ್ಕೆ ಸೇರಿದುದು. ಆದುದರಿಂದ ನೆರೆಯ ಎರಡು ಊರುಗಳಲ್ಲಿ ಒಂದು ಕಡೆ ವಿಶ್ವವಿದ್ಯಾನಿಲಯವೂ ಮತ್ತೊಂದು ಕಡೆ ಕಾಲೇಜು ಶಿಕ್ಷಣ ಇಲಾಖೆಯೂ ಅತಿಥಿಗಳನ್ನು ನೇಮಿಸಿಕೊಳ್ಳುವುವು.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2019ರಲ್ಲಿ ಉಪನ್ಯಾಸವೊಂದಕ್ಕೆ 1,500 ರೂಪಾಯಿಗಳನ್ನು, ತಿಂಗಳಿಗೆ 50,000ದ ಮಿತಿಯೊಳಗೆ, ಸೂಚಿಸಿತು. ರಾಜ್ಯದ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳಲ್ಲಿ 2022ರ ಜನವರಿಯಲ್ಲಿ ಗೊತ್ತಾದ ಅತ್ಯುಚ್ಚ ಗೌರವಧನವು 32,000. ವಾರದ ಬೋಧನೆ 15 ಗಂಟೆ. ನಾಲ್ಕು ವಾರಗಳ 60 ಗಂಟೆಗಳಿಗೆ ಹಂಚಿದರೆ ಗಂಟೆಗೆ ಸುಮಾರು 533 ರೂಪಾಯಿಗಳಾಗುವುವು. ತರುವಾಯ ಗೌರವಧನವು ಏರಿದುದುಂಟು. ಆದರೆ ಗಂಟೆಯಿಂದ ಅಳೆಯುವ ಪದ್ಧತಿ ಹಾಗೆಯೇ ಉಳಿಯಿತು.

ನವೀನ ತತ್ತ್ವಶಾಸ್ತ್ರವು ಈ ಅಳತೆಗೆ ಒಗ್ಗುವುದಲ್ಲ. 1641ರಲ್ಲಿ ಡೆಕಾರ್ಟನು ಎತ್ತಿದ ಸಂಶಯವು ಹ್ಯೂಮನಲ್ಲಿ ಕಾರ್ಯಕಾರಣ ಸಂಬಂಧವನ್ನೇ ಅಲುಗಿಸಿತು. 1781ರಲ್ಲಿ ಕಾಂಟನು ಅದಕ್ಕೆ ಉತ್ತರವಿತ್ತನು. ಒಬ್ಬನ ಪ್ರಶ್ನೆಯನ್ನು ಬಿಟ್ಟರೆ ಮತ್ತೊಬ್ಬನ ಉತ್ತರಕ್ಕೆ ಅರ್ಥವಿಲ್ಲ. ನಡುವೆ ಉಪಾಧ್ಯಾಯರು ಬದಲಾದರೆ ಸರಪಣಿಯು ಕಡಿಯುವುದು. ಪಾಠಕ್ಕೆ ಬೇಕಾದ ವ್ಯಾಸಂಗವಾದರೋ ಯಾವ ಲೆಕ್ಕಕ್ಕೂ ಬಾರದು. ವಿದ್ಯಾರ್ಥಿಗಳು ಕಡಮೆಯಿರುವ ವಿಷಯದಲ್ಲಿ 15 ಗಂಟೆಗಳು ಕೂಡಿಬರುವುದೇ ದುರ್ಲಭ.

ಕಾಂಟನೂ 1755ರಿಂದ 1770ರವರೆಗೆ ಕೋನಿಗ್ಸ್‌ಬರ್ಗಿನಲ್ಲಿ ಬೋಧನೆಗೆ ಸಂಬಳವಿಲ್ಲದೆ, ಶ್ರೋತೃಗಳು ತೆತ್ತ ಶುಲ್ಕದಿಂದ ಪಾಠಹೇಳಿದನಲ್ಲವೆ ಎಂದು ಕೆಲವರು ಕೇಳಬಹುದು. ನಿಜ, ಆದರೆ ಆ ಪದವಿಯು ಪ್ರಾಧ್ಯಾಪಕತ್ವಕ್ಕೆ ಒಂದು ಮೆಟ್ಟಿಲಾಗಿದ್ದಿತು, 1770ರಲ್ಲಿ ಅವನು ಅದನ್ನು ಏರಿದನು. ಇಲ್ಲಿ ಮೆಟ್ಟಿಲು ಮೇಲಕ್ಕೆ ಒಯ್ಯದು. ಕರ್ಣಾಟಕ ಸರ್ಕಾರ ಮತ್ತು ಉಮಾದೇವಿಯವರ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರ ಏಪ್ರಿಲ್ 10ರಂದು, ಕ್ರಮವಾದ ಆಯ್ಕೆಯಿಲ್ಲದೆ ಬಂದ ತಾತ್ಕಾಲಿಕ ನೌಕರರಿಗೆ ದೀರ್ಘಸೇವೆ ಒಂದರಿಂದಲೇ ಕಾಯಂ ಆಗುವ ಹಕ್ಕಿಲ್ಲವೆಂದು ತೀರ್ಪಿತ್ತಿತು. ಇತ್ತ ಆಯೋಗದ 2018ರ ನಿಯಮಗಳು ಗುತ್ತಿಗೆಯ ಅಧ್ಯಾಪಕರು ಒಟ್ಟು ಹುದ್ದೆಗಳಲ್ಲಿ ನೂರಕ್ಕೆ 10ನ್ನು ಮೀರಕೂಡದೆಂದು ವಿಧಿಸಿದುವು. ಎಂದರೆ ತಾತ್ಕಾಲಿಕತ್ವವು ಅಪವಾದವೇ ಹೊರತು ನಿಯಮವಲ್ಲವೆಂಬುದು ಅವುಗಳ ಆಶಯ.

ಹೀಗಿರಲು ತೀರ್ಪು ಒಂದು ಬಾಗಿಲನ್ನು ಮುಚ್ಚಿದಷ್ಟೇ ದೃಢವಾಗಿ ಮತ್ತೊಂದನ್ನು ತೋರಿಸಿದೆ: ತೆರವಾದ ಸ್ಥಾನಗಳಿಗೆ ಕಾಲಕಾಲಕ್ಕೆ ಕ್ರಮಬದ್ಧವಾದ ಆಯ್ಕೆ ನಡೆಯಬೇಕು. ಅದು ತಡವಾದಷ್ಟೂ ಒಂದು ರಾತ್ರಿಯ ಅತಿಥಿಗೆ ಮನೆಯ ನಿತ್ಯಕಾರ್ಯವೆಲ್ಲವನ್ನೂ ಒಪ್ಪಿಸಿದಂತಾಗುವುದು.